ಎರಡು ಶೆಡ್ಡು, ಒಂದೇ ವಿಳಾಸ

ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ ಜೀಡಿಮೆಟ್ಲಾದ ಕೈಗಾರಿಕಾ ಪ್ರದೇಶಕ್ಕೆ ಹೋಗಿದ್ದೆ. ಬೀದರ್ ಕಡೆಯ ಪರಿಚಿತರೊಬ್ಬರು ಅಲ್ಲಿ ನಾಲ್ಕಾರು ಲೇತ್ ಇಟ್ಟುಕೊಂಡು ಯಂತ್ರದ ಬಿಡಿಭಾಗ ಮಾಡಿಕೊಡುತ್ತಾರೆ. ಹಳೆಯ ಶೆಡ್ಡು ಫೇಸ್ 3ರಲ್ಲಿ. ಈಚೆಗೆ ಫೇಸ್ 5ರಲ್ಲಿ ಇನ್ನೊಂದನ್ನು ತೆಗೆದುಕೊಂಡು, ಎರಡರ ಚಾವಣಿಯ ಮೇಲೂ ಆಂಟೆನಾ ನಿಲ್ಲಿಸಿ, ಎರಡು ಕಡೆಯ ಕಂಪ್ಯೂಟರುಗಳನ್ನು ಒಂದು ಮಾಡಿದ್ದರು. ಅಂದಿನಿಂದ ತಲೆನೋವು ಶುರು.

"ಸರ, ಬ್ಯಾರೆ ಬ್ಯಾರೆ ಇಟ್ರ ಎರಡೂ ಕಡಿ ನೆಟ್ ಚಲೋ ಅದ. ಕೂಡಿಸಿದ್ರ ಎರಡೂ ಹಾಳಾಗ್ತಾವ" ಅಂದರು. ಇಲ್ಲಿಂದ ಕಳಿಸಿದ ಬಿಲ್ಲು ಅಲ್ಲಿನ ಪ್ರಿಂಟರಿನಲ್ಲಿ ಬರುತ್ತಿತ್ತು. ಹಾಜರಿ ಯಂತ್ರ ಒಂದು ಗಳಿಗೆ ಸಿಗುತ್ತಿತ್ತು, ಮತ್ತೊಂದು ಗಳಿಗೆ ಇಲ್ಲ.

ಕಾರಣ ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಎರಡೂ ಶೆಡ್ಡಿನ ರೌಟರುಗಳ ವಿಳಾಸ 192.168.1.1. ಅಲ್ಲಿನ ಕ್ಯಾಮೆರಾ ಪೆಟ್ಟಿಗೆಯೂ ಇಲ್ಲಿನ ಹಾಜರಿ ಯಂತ್ರವೂ 192.168.1.108. ಜೊತೆಗಿದ್ದ ಸಬ್‌ನೆಟ್ ಮಾಸ್ಕ್ 255.255.255.0. ಅಂದರೆ ವಿಳಾಸದ ಮೊದಲ ಮೂರು ಭಾಗ ಬೀದಿ, ಕೊನೆಯದು ಮನೆ ನಂಬರು. ಜೀಡಿಮೆಟ್ಲಾದ ಭಾಷೆಯಲ್ಲಿ ಹೇಳುವುದಾದರೆ ಮೊದಲಿನದು ಫೇಸ್, ಕೊನೆಯದು ಪ್ಲಾಟು. ಒಂದು ಯಂತ್ರ ಇನ್ನೊಂದಕ್ಕೆ ಏನಾದರೂ ಕಳಿಸುವ ಮುಂಚೆ ಬೀದಿ ಹೋಲಿಸಿ ನೋಡುತ್ತದೆ. ಬೇರೆ ಬೀದಿಯಾದರೆ ಗೇಟ್‌ವೇ ಕೈಗೆ ಕೊಡುತ್ತದೆ. ನಮ್ಮದೇ ಬೀದಿಯಾದರೆ "108 ಯಾರಪ್ಪಾ?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಈ ಕೂಗಿಗೆ ಎಆರ್‌ಪಿ ಎಂದು ಹೆಸರು. ಇಲ್ಲಿ ಕೂಗಿದಾಗ ಇಬ್ಬರು "ನಾನೇ" ಅನ್ನುತ್ತಿದ್ದರು. ಯಾರ ದನಿ ಕೊನೆಗೆ ಕೇಳಿತೋ ಪತ್ರ ಅವರಿಗೆ.

ಈ ಅವಾಂತರ ಹೀಗೇ ಆಗುತ್ತದೆ ಎಂದು 1994ರಲ್ಲೇ ನಾಲ್ವರು ಎಂಜಿನಿಯರುಗಳು ಬರೆದಿಟ್ಟಿದ್ದರು. ಆ ಕತೆ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಈಗಲೂ ಬಳಕೆಯಲ್ಲಿರುವ ಐಪಿ ವಿಳಾಸದ ನಿಯಮ ಜಾನ್ ಪೋಸ್ಟೆಲ್ ಸಂಪಾದಿಸಿದ ಆರ್‌ಎಫ್‌ಸಿ 791, ಸೆಪ್ಟೆಂಬರ್ 1981ರದ್ದು. ವಿಳಾಸಕ್ಕೆ 32 ಬಿಟ್, ಹಾಗಾಗಿ ಒಟ್ಟು ಸುಮಾರು 429 ಕೋಟಿ ವಿಳಾಸ. ಆಗಿನ ಜಗತ್ತಿನ ಜನಸಂಖ್ಯೆಯೇ ಅದಕ್ಕಿಂತ ಹೆಚ್ಚಿತ್ತು. ಆದರೆ ಕಂಪ್ಯೂಟರ್ ಎಂದರೆ ವಿಶ್ವವಿದ್ಯಾಲಯದ ಕೋಣೆ ತುಂಬುವ ವಸ್ತು ಎಂದಿದ್ದ ಕಾಲ. ತಲೆಗೊಂದು ವಿಳಾಸ ಬೇಕಾದೀತೆಂದು ಯಾರಿಗೆ ಹೊಳೆಯಬೇಕು? 1983ರ ಜನವರಿ 1ರಂದು ಅಮೆರಿಕದ ಆರ್ಪಾನೆಟ್ ಹಳೆಯ ಪ್ರೋಟೋಕಾಲ್ ಬಿಟ್ಟು ಟಿಸಿಪಿ/ಐಪಿಗೆ ಬದಲಾಯಿತು. ಆ ಜಾಲಕ್ಕೆ ಸಿಕ್ಕ ಸಂಖ್ಯೆ 10. ಇದೊಂದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಂಚಿಕೆ ಮಾತ್ರ ಜಹಗೀರು ಕೊಟ್ಟ ಹಾಗಿತ್ತು. 'ಎ' ದರ್ಜೆಯ ತುಂಡೆಂದರೆ 1.67 ಕೋಟಿ ವಿಳಾಸ, 'ಬಿ' ಎಂದರೆ 65,536, 'ಸಿ' ಎಂದರೆ 256. ಎಂಐಟಿಗೆ 18ರಿಂದ ಶುರುವಾಗುವ ಇಡೀ 'ಎ' ತುಂಡು ಸಿಕ್ಕಿತು, ಫೋರ್ಡ್ ಕಂಪನಿಗೆ 19. ಕೇಳಿದವರಿಗೆ ಕೊಟ್ಟರು, ಕೇಳುವಷ್ಟು ಮೊದಲೇ ಅಲ್ಲಿದ್ದವರು ಪಡೆದರು. ದುರುದ್ದೇಶವೇನೂ ಇರಲಿಲ್ಲ. 2017ರಲ್ಲಿ ಎಂಐಟಿ ತನ್ನ ಪಾಲಿನಲ್ಲಿ ಸುಮಾರು 80 ಲಕ್ಷ ವಿಳಾಸ ಮಾರಿತು ಎಂದು ಓದಿದಾಗ ಮಾತ್ರ, ಊರಲ್ಲಿ ಕೆರೆಯಂಗಳವನ್ನು ಸೈಟು ಮಾಡಿ ಮಾರಿದವರು ನನಗೆ ನೆನಪಾದರು.

ನಮ್ಮಲ್ಲಿ ಇದು ಶುರುವಾದದ್ದು ಅರ್ನೆಟ್‌ನಿಂದ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ, ವಿಶ್ವಸಂಸ್ಥೆಯ ಯುಎನ್‌ಡಿಪಿ ನೆರವು ಪಡೆದು ಎಂಟು ಸಂಸ್ಥೆಗಳನ್ನು ಕೂಡಿಸಲು ಹೊರಟಿತು: ಮುಂಬಯಿಯ ಎನ್‌ಸಿಎಸ್‌ಟಿ, ಐದು ಐಐಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮತ್ತೆ ಇಲಾಖೆಯೇ. ಎನ್‌ಸಿಎಸ್‌ಟಿಯ ಶ್ರೀನಿವಾಸನ್ ರಮಣಿ ಈ ಕೆಲಸದ ಮುಂಚೂಣಿಯಲ್ಲಿದ್ದರು. ಮೊದಮೊದಲು ಫೋನ್ ತಂತಿಯಲ್ಲಿ ಡಯಲ್ ಮಾಡಿ ಇಮೇಲ್ ಸಾಗಿಸುತ್ತಿದ್ದರು. ಮುಂದೆ ಲೀಸ್ಡ್ ಲೈನ್ ಬಂದಾಗ ಅದರ ಮೇಲೆ ಟಿಸಿಪಿ/ಐಪಿ ಜೊತೆಗೆ ಓಎಸ್‌ಐ ಎಂಬ ಇನ್ನೊಂದು ಪ್ರೋಟೋಕಾಲ್ ಕುಟುಂಬವನ್ನೂ ಓಡಿಸಿದರು. ಸರ್ಕಾರಗಳು, ಟೆಲಿಫೋನ್ ಇಲಾಖೆಗಳು ಮುಂದಿನ ಕಾಲ ಓಎಸ್‌ಐನದೇ ಎಂದು ನಂಬಿದ್ದ ದಿನಗಳವು. 1995ರ ಹೊತ್ತಿಗೆ ಟಿಸಿಪಿ/ಐಪಿ ಒಂದೇ ಉಳಿದಂತಾಗಿತ್ತು. ಓಎಸ್‌ಐನ ಏಳು ಪದರಗಳು ಈಗ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಸುಖವಾಗಿವೆ.

ಅರ್ನೆಟ್‌ಗೆ ಸಿಕ್ಕಿದ್ದು 144.16 ಎಂಬ 'ಬಿ' ದರ್ಜೆಯ ತುಂಡು. ಅದನ್ನೇ ಸೀಳಿ ಹಂಚಿಕೊಂಡರು. ವಿಜ್ಞಾನ ಸಂಸ್ಥೆಯ ಯಂತ್ರಗಳು 144.16.64ರಿಂದಾಚೆ, ಮದ್ರಾಸ್ ಐಐಟಿಯವು 144.16.224ರಿಂದಾಚೆ. ಹೀಗೆ ಒಂದು ತುಂಡನ್ನು ಒಳಗೇ ಸೀಳುವ ಉಪಾಯವೇ ಸಬ್‌ನೆಟ್. ಅದರ ನಿಯಮ ಬಂದದ್ದು 1985ರಲ್ಲಿ. ದೇಶದ ಘಟಾನುಘಟಿ ಸಂಸ್ಥೆಗಳು ಹಂಚಿಕೊಂಡ ಈ ತುಂಡು ಎಂಐಟಿಯೊಂದರ ತುಂಡಿನ 256ನೇ ಒಂದು ಭಾಗ. ನಾನು ಎಂಟೆಕ್ ಓದುವಾಗ ಲ್ಯಾಬಿನ ಯಂತ್ರಗಳ ಮೇಲೆ ಮಾರ್ಕರಿನಲ್ಲಿ 144.16 ಎಂದು ಬರೆದಿರುತ್ತಿತ್ತು. ಅದು ಎಂಥ ಆಸ್ತಿ ಎಂದು ಆಗ ತಿಳಿಯಲಿಲ್ಲ.

1990ರ ದಶಕದ ಆರಂಭದಲ್ಲೇ ವಿಳಾಸ ಮುಗಿಯುತ್ತದೆ ಎಂಬ ಗಾಬರಿ ಹುಟ್ಟಿತು. 1993ರಲ್ಲಿ ಎ, ಬಿ, ಸಿ ದರ್ಜೆಗಳನ್ನು ತೆಗೆದುಹಾಕಿ ಬೇಕಾದ ಅಳತೆಗೆ ಕತ್ತರಿಸಿ ಕೊಡುವ ಪದ್ಧತಿ ಬಂತು. 1994ರ ಮಾರ್ಚಿನಲ್ಲಿ ಆರ್‌ಎಫ್‌ಸಿ 1597 ಇನ್ನೊಂದು ದಾರಿ ತೋರಿತು: ಮೂರು ತುಂಡು ಮೀಸಲಿಡೋಣ, ಯಾರು ಬೇಕಾದರೂ ತಮ್ಮ ಗೋಡೆಯೊಳಗೆ ಬಳಸಲಿ, ಹೊರಗೆ ಮಾತ್ರ ಅವು ಕಾಣಬಾರದು. 192.168 ಅದರಲ್ಲೊಂದು. 10 ಇನ್ನೊಂದು. ಆರ್ಪಾನೆಟ್ 1990ರಲ್ಲಿ ಮುಚ್ಚಿಹೋಗಿ ಆ ಸಂಖ್ಯೆ ಖಾಲಿ ಬಿದ್ದಿತ್ತು. ಎರಡೇ ತಿಂಗಳಲ್ಲಿ, ಮೇ ತಿಂಗಳಿನಲ್ಲಿ, ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯಾಟ್ ವಿವರಿಸಿದರು. ಒಳಗಿನ ವಿಳಾಸವನ್ನು ಬಾಗಿಲಲ್ಲೇ ಅಳಿಸಿ ಹೊರಗಿನದನ್ನು ಬರೆದು ಕಳಿಸುವ ಉಪಾಯ ಅದು. ಸದ್ಯಕ್ಕೆ ಇರಲಿ ಎಂದೇ ಅವರು ಅದನ್ನು ಮುಂದಿಟ್ಟದ್ದು.

ಜುಲೈನಲ್ಲಿ ವಿರೋಧ ಬಂತು. ಎಲಿಯಟ್ ಲಿಯರ್ ಮತ್ತು ಇನ್ನು ಮೂವರು ಆರ್‌ಎಫ್‌ಸಿ 1627 ಬರೆದು, ನೆಟ್‌ವರ್ಕ್ 10 ಹಾನಿಕರ ಎಂದು ತಲೆಬರಹದಲ್ಲೇ ಸಾರಿದರು. ಒಂದು ವಿಳಾಸ ಇಡೀ ಲೋಕಕ್ಕೆ ಒಂದೇ ಇರಬೇಕು, ಅದನ್ನು ಬಿಟ್ಟುಕೊಟ್ಟರೆ ನಾಳೆ ಎರಡು ಸಂಸ್ಥೆ ಕೂಡಿದಾಗ ವಿಳಾಸಗಳು ಡಿಕ್ಕಿ ಹೊಡೆಯುತ್ತವೆ, ಆಗ ಎಲ್ಲಕ್ಕೂ ಹೊಸ ನಂಬರು ಕೊಡಬೇಕಾಗುತ್ತದೆ ಎಂಬುದು ಅವರ ವಾದ. ಆದರೆ ಹೊಸ ವಿಳಾಸ ಎಲ್ಲಿಂದ ತರುವುದು? 1996ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 1918 ಬಂದು ಖಾಸಗಿ ವಿಳಾಸ ಗಟ್ಟಿಯಾಯಿತು. ಅದನ್ನು ಬರೆದ ಐವರಲ್ಲಿ ಲಿಯರ್ ಕೂಡ ಒಬ್ಬರು. ಸೋತು ಸಹಿ ಹಾಕಿದರೋ, ಅಪಾಯಗಳನ್ನಾದರೂ ಒಳಗೆ ಬರೆಸೋಣವೆಂದು ಕೂತರೋ, ನನಗಂತೂ ಅವರ ಮೇಲೆ ಗೌರವ. ಪ್ರಾಜೆಕ್ಟ್ ಮೀಟಿಂಗುಗಳಲ್ಲಿ ನಾನೂ ಹಾಗೆ ಸಹಿ ಹಾಕಿದ್ದೇನೆ.

ದಿನಾಂಕ ಜೋಡಿಸಿ ನೋಡಿ. ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಅದರಲ್ಲೂ ಅಗ್ಗದ ಶೆಲ್ ಖಾತೆಯವರ ಕಂಪ್ಯೂಟರಿಗೆ ಐಪಿ ವಿಳಾಸವೇ ಇರಲಿಲ್ಲ. ಅದು ದೂರದ ಯಂತ್ರವೊಂದರ ಪರದೆಯಾಗಿ ಕೆಲಸ ಮಾಡುತ್ತಿತ್ತು, ಅಷ್ಟೆ. ನಾವು ಬಾಗಿಲಿಗೆ ಬಂದದ್ದಕ್ಕೂ ಖಾಸಗಿ ವಿಳಾಸ ಕಾಯಂ ಆದದ್ದಕ್ಕೂ ನಡುವೆ ಆರು ತಿಂಗಳು. ಅಂಗಡಿ, ಸೈಬರ್ ಕೆಫೆ, ಶೆಡ್ಡು ಎಲ್ಲಕ್ಕೂ ಸಿಕ್ಕಿದ್ದು ನ್ಯಾಟ್ ಹಿಂದಿನ ಕೋಣೆ. ಅಲ್ಲಿಂದ ಹೊರಗೆ ಯಾರನ್ನು ಬೇಕಾದರೂ ಕರೆಯಬಹುದು, ಹೊರಗಿನವರು ನೇರವಾಗಿ ನಿಮ್ಮನ್ನು ಕರೆಯಲಾರರು. ನಿಮ್ಮ ಕ್ಯಾಮೆರಾದ ಚಿತ್ರ ಮೊಬೈಲಿನಲ್ಲಿ ನೋಡಲು ಯಾವುದೋ ಕಂಪನಿಯ ಸರ್ವರು ನಡುವೆ ಬರುವುದಕ್ಕೆ ಒಂದು ದೊಡ್ಡ ಕಾರಣ ಇದೇ. 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಐದು ತುಂಡುಗಳೂ ಹಂಚಿಹೋದವು.

ಆ ರಾತ್ರಿ ನಾವು ಮಾಡಿದ್ದು ಲಿಯರ್ ಹೇಳಿದ್ದ ಕೆಲಸವನ್ನೇ: ಒಂದೊಂದಕ್ಕೂ ಹೊಸ ನಂಬರು. ಫೇಸ್ 3ರ ಶೆಡ್ಡಿಗೆ 10.3.1, ಫೇಸ್ 5ರದ್ದಕ್ಕೆ 10.5.1, ನಡುವೆ ಒಂದು ರೌಟರು. "ಇದು ಚಲೋ ಆತ್ ನೋಡ್ರಿ, ನೆನಪಿಡ್ಲಿಕ್ಕ ಸರಳ ಅದ" ಅಂದರು. ಆರ್ಪಾನೆಟ್ಟಿನ ಹಳೆಯ ಮನೆ ನಂಬರು ಹೀಗೆ ಜೀಡಿಮೆಟ್ಲಾಕ್ಕೆ ಬಂತು.

ಹನ್ನೊಂದು ಗಂಟೆಗೆ ಚಹಾ ಕುಡಿಯುತ್ತ ಅವರ ಜಿಯೋ ಫೋನಿನ ಸೆಟ್ಟಿಂಗ್ ತೆರೆದು ತೋರಿಸಿದೆ. 1995ರಲ್ಲಿ ಮೊದಲು ನಿಯಮವಾಗಿ ಬಂದ, 128 ಬಿಟ್ಟಿನ ಐಪಿವಿ6 ವಿಳಾಸ ಅಲ್ಲಿತ್ತು, ಲೋಕಕ್ಕೆಲ್ಲ ಒಂದೇ ಆಗಿರುವಂಥದ್ದು. 2016ರಲ್ಲಿ ಜಿಯೋ ಶುರುವಿನಿಂದಲೇ ಅದನ್ನು ಹಾಕಿದ್ದರಿಂದ ಈಗ ಐಪಿವಿ6 ಬಳಕೆಯಲ್ಲಿ ಭಾರತ ಮುಂಚೂಣಿಯಲ್ಲಿದೆ. ಅವರು ಆ ಉದ್ದದ ಸಾಲನ್ನು ನೋಡಿ, "ಇದನ್ನ ಹಾಜರಿ ಮಶೀನಿಗೂ ಹಾಕ್ರಲ್ಲ" ಅಂದರು. ಮೆನು ಪೂರ್ತಿ ಹುಡುಕಿದೆವು. ನಾಲ್ಕು ಚೌಕ, ನಡುವೆ ಮೂರು ಚುಕ್ಕಿ. ಬೇರೇನನ್ನೂ ಅದು ಕೇಳುತ್ತಿರಲಿಲ್ಲ. 10.3.1.108 ಎಂದು ತುಂಬಿ, ಬಿಳಿ ಟೇಪಿನ ಮೇಲೆ ಅದನ್ನೇ ಬರೆದು ಯಂತ್ರದ ಪಕ್ಕಕ್ಕೆ ಅಂಟಿಸಿ ಬಂದೆ.