ಬಿದ್ದು ಅಪ್ಪಯ್ಯ: ಗಾಯಕನಿಂದ ಡಿಸ್ಕೊ ನಿರ್ಮಾಪಕನವರೆಗೆ

ಡಿಸ್ಕೊ ಸಂಗೀತದ ಚರಿತ್ರೆಯಲ್ಲಿ ಬಿದ್ದು ಅಪ್ಪಯ್ಯ ಅವರ ಹೆಸರು ಎರಡು ಕಡೆ ಬರುತ್ತದೆ: 1970ರ ದಶಕದ ಲಂಡನ್ನಿನಲ್ಲಿ ಒಮ್ಮೆ, 1980ರ ನಂತರದ ಹಿಂದಿ ಪಾಪ್ ಸಂಗೀತದಲ್ಲಿ ಮತ್ತೊಮ್ಮೆ. ಕೊಡವ ಮನೆತನದವರಾದ ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ. ಪಾಶ್ಚಾತ್ಯ ಪಾಪ್ ಹಾಡುಗಳು ಭಾರತದ ಹುಡುಗರಿಗೆ ಮುಖ್ಯವಾಗಿ ರೇಡಿಯೊ ಸಿಲೋನ್ ಮೂಲಕವೇ ತಲುಪುತ್ತಿದ್ದ ಕಾಲ ಅದು. ಗಿಟಾರ್ ಕಲಿತ ಅಪ್ಪಯ್ಯ 1960ರ ದಶಕದಲ್ಲಿ ಗೆಳೆಯರೊಡನೆ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿ ಇಂಗ್ಲಿಷ್ ಹಾಡುಗಳನ್ನು ಹಾಡತೊಡಗಿದರು. ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್‌ನಂಥ ರೆಸ್ಟೋರೆಂಟುಗಳು ಇಂಥ ತಂಡಗಳಿಗೆ ಕೆಲಸ ಕೊಡುತ್ತಿದ್ದವು. ತಂಡ ಚದುರಿದ ಮೇಲೆ ಅವರು ‘ಲೋನ್ ಟ್ರೋಜನ್’ ಎಂಬ ಹೆಸರಿನಲ್ಲಿ ಒಬ್ಬರೇ ವೇದಿಕೆ ಏರಿದರು.

1967ರಲ್ಲಿ ಅವರು ಮಧ್ಯಪ್ರಾಚ್ಯದ ಹಾದಿ ಹಿಡಿದು ಇಂಗ್ಲೆಂಡ್ ಸೇರಿದರು. ರೀಗಲ್ ಜೋನೊಫೋನ್ ಕಂಪನಿ ಅವರದೇ ದನಿಯ ಒಂದು ತಟ್ಟೆಯನ್ನು ಹೊರತಂದರೂ ಅದು ಓಡಲಿಲ್ಲ. ಹೊಟ್ಟೆಪಾಡಿಗೆ ಲಂಡನ್ನಿನ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಅಡುಗೆಯವರಾಗಿ ದುಡಿಯುತ್ತ, ಉಳಿಸಿದ ಹಣದಲ್ಲಿ ಸ್ಟುಡಿಯೊ ಬಾಡಿಗೆಗೆ ಪಡೆಯತೊಡಗಿದರು. ಧ್ವನಿಮುದ್ರಿಕೆಯ ನಿರ್ಮಾಪಕ ಎಂದರೆ ಸಿನಿಮಾದಲ್ಲಿ ಇದ್ದಂತೆ ಬರೀ ಬಂಡವಾಳ ಹಾಕುವವನಲ್ಲ. ಹಾಡನ್ನು ಆರಿಸುವುದು, ದನಿ ಗೊತ್ತುಮಾಡುವುದು, ವಾದ್ಯಗಾರರನ್ನು ಕೂಡಿಸುವುದು, ಯಾವ ವಾದ್ಯ ಎಷ್ಟು ಎದ್ದು ಕೇಳಬೇಕೆಂದು ತೀರ್ಮಾನಿಸುವುದು, ಎಲ್ಲವೂ ಅವನದೇ. ಜಪಾನಿನ ‘ಟೈಗರ್ಸ್’ ತಂಡ 1969ರಲ್ಲಿ ಹಾಡಿದ ‘ಸ್ಮೈಲ್ ಫಾರ್ ಮಿ’ ಈ ಕಸುಬಿನಲ್ಲಿ ಅವರಿಗೆ ಸಿಕ್ಕ ಮೊದಲ ಗೆಲುವು. ಹಾಡನ್ನು ರಚಿಸಿದವರು ಬೀಜೀಸ್‌ನ ಬ್ಯಾರಿ ಮತ್ತು ಮಾರಿಸ್ ಗಿಬ್.

ಅವರಿಗೆ ಜಗತ್ತಿನಾದ್ಯಂತ ಹೆಸರು ತಂದ ಹಾಡು ಮಾತ್ರ ಹೆಚ್ಚುಕಡಿಮೆ ಉಳಿಕೆ ಸಮಯದಲ್ಲಿ ಆದದ್ದು. 1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಾಸ್ ಅವರ ದನಿಯಲ್ಲಿ ಲ್ಯಾರಿ ವೈಸ್ ಬರೆದ ಗೀತೆಯೊಂದನ್ನು ಮುದ್ರಿಸುವುದೇ ಅಂದಿನ ಮುಖ್ಯ ಕೆಲಸ. ತಟ್ಟೆಯ ಹಿಂಬದಿಗೆ ಏನಾದರೊಂದು ಬೇಕಿತ್ತು. ಬ್ರೂಸ್ ಲೀ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು, ಕುಂಗ್ ಫೂ ಚಿತ್ರಗಳ ಹುಚ್ಚು ಎಲ್ಲೆಡೆ ಹಬ್ಬಿತ್ತು. ಡಗ್ಲಾಸ್ ಬರೆದು ತಂದ ಸಾಲುಗಳಿಗೆ ಅಪ್ಪಯ್ಯ ರಾಗ ಹೊಂದಿಸಿ, ಕೊನೆಯ ಹತ್ತು ನಿಮಿಷಗಳಲ್ಲಿ ಎರಡೇ ಸುತ್ತಿಗೆ ‘ಕುಂಗ್ ಫೂ ಫೈಟಿಂಗ್’ ಮುದ್ರಣ ಮುಗಿಸಿದರು. ಹಿಂಬದಿಯ ಹಾಡೆಂದು ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ, ನಡುನಡುವೆ ಬರುವ ‘ಹೂ’, ‘ಹಾ’ ಕೂಗುಗಳೇ ಇದಕ್ಕೆ ಸಾಕ್ಷಿ. ಪೈ ರೆಕಾರ್ಡ್ಸ್‌ನ ರಾಬಿನ್ ಬ್ಲಾಂಚ್‌ಫ್ಲವರ್ ಎರಡೂ ಹಾಡು ಕೇಳಿ, ಹಿಂಬದಿಯದನ್ನೇ ಮುಂದಕ್ಕೆ ತರಬೇಕೆಂದು ಪಟ್ಟು ಹಿಡಿದರು. ರೇಡಿಯೊ ಮೊದಲು ಅಷ್ಟಾಗಿ ಕಿವಿಗೊಡದಿದ್ದರೂ ನೃತ್ಯ ಕ್ಲಬ್ಬುಗಳು ಹಾಡನ್ನು ಎತ್ತಿಕೊಂಡವು. ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ, ಡಿಸೆಂಬರ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಅದರ ‘ಪೂರ್ವದೇಶದ’ ಮಟ್ಟು ಪಶ್ಚಿಮದ ಸಿನಿಮಾಗಳಲ್ಲಿ ಸವೆದುಹೋಗಿದ್ದ ಅಗ್ಗದ ಸರಕು, ಸಾಹಿತ್ಯದಲ್ಲೂ ಹುರುಳು ಕಡಿಮೆ. ಆದರೆ ಬೇಸ್ ಗಿಟಾರಿನ ಓಟ ಮತ್ತು ಅದರ ಮೇಲೆ ಹರಿಯುವ ತಂತಿವಾದ್ಯಗಳ ಕೂಡಿಕೆ ಇಂದಿಗೂ ಕಾಲು ಕುಣಿಸುತ್ತವೆ.

ಕುಶಲತೆಯ ದೃಷ್ಟಿಯಿಂದ ಅವರ ಮುಂದಿನ ಕೆಲಸವೇ ಮೇಲು. ವಾದ್ಯಸಂಯೋಜಕ ಜೆರಿ ಶೂರಿ ಅವರ ಜೊತೆಗೂಡಿ ರೂಪಿಸಿದ, ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ 1976ರಲ್ಲಿ ಬ್ರಿಟನ್ನಿನ ಮೊದಲ ಸ್ಥಾನ ಪಡೆಯಿತು. ಜಿಮ್ಮಿ ಜೇಮ್ಸ್ ಅವರಿಗೂ ಅದೇ ಹೊತ್ತಿಗೆ ಹಾಡುಗಳನ್ನು ಮಾಡಿಕೊಟ್ಟರು. ‘ಬಿದ್ದು ಆರ್ಕೆಸ್ಟ್ರಾ’ ಹೆಸರಿನಲ್ಲಿ ಬಂದ ವಾದ್ಯಸಂಗೀತಕ್ಕೆ ಗಾಯಕರ ಹಂಗಿರಲಿಲ್ಲ. 1975ರ ‘ಸಮರ್ ಆಫ್ 42’ ಅದೇ ಹೆಸರಿನ ಚಿತ್ರದ ಸಂಗೀತದ ಡಿಸ್ಕೊ ರೂಪ. ‘ರೇನ್ ಫಾರೆಸ್ಟ್’ಗೆ ಐವರ್ ನೊವೆಲ್ಲೊ ಪ್ರಶಸ್ತಿ ಬಂತು.

ಅವರನ್ನು ಹಿಂದಿಗೆ ಕರೆತಂದವರು ಬೆಂಗಳೂರಿನಲ್ಲೇ ಹುಟ್ಟಿದ ಇನ್ನೊಬ್ಬರು, ನಟ-ನಿರ್ದೇಶಕ ಫಿರೋಜ್ ಖಾನ್. 1980ರ ‘ಕುರ್ಬಾನಿ’ ಚಿತ್ರದ ಉಳಿದ ಹಾಡುಗಳು ಕಲ್ಯಾಣ್‌ಜಿ-ಆನಂದ್‌ಜಿ ಅವರದ್ದು, ‘ಆಪ್ ಜೈಸಾ ಕೋಯಿ’ ಒಂದು ಮಾತ್ರ ಅಪ್ಪಯ್ಯನವರದ್ದು. ಲಂಡನ್ನಿನಲ್ಲಿ ಓದುತ್ತಿದ್ದ ಪಾಕಿಸ್ತಾನದ ಹದಿಹರೆಯದ ಹುಡುಗಿ ನಾಜಿಯಾ ಹಸನ್ ಅದನ್ನು ಅಲ್ಲೇ ಹಾಡಿದಳು. ತರಬೇತಾದ ಹಿನ್ನೆಲೆ ಗಾಯಕಿಯರ ತಾರಸ್ಥಾಯಿಗೆ ಒಗ್ಗಿದ್ದ ಕಿವಿಗಳಿಗೆ ಮೂಗಿನಲ್ಲಿ ಮೆಲ್ಲಗೆ ಉಲಿಯುವ ಈ ಎಳೆಯ ದನಿ ಹೊಸದು. ಜೀನತ್ ಅಮಾನ್ ಅಭಿನಯಿಸಿದ ಆ ಹಾಡಿಗೆ 1981ರಲ್ಲಿ ನಾಜಿಯಾ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದಳು.

ಅದೇ ವರ್ಷ ನಾಜಿಯಾ ಮತ್ತು ಆಕೆಯ ತಮ್ಮ ಝೊಹೇಬ್ ಹಾಡಿದ ‘ಡಿಸ್ಕೊ ದೀವಾನೆ’ ಹೊರಬಂತು. ಭಾರತದಲ್ಲಿ ಜನಪ್ರಿಯ ಸಂಗೀತವೆಂದರೆ ಸಿನಿಮಾ ಸಂಗೀತ ಎಂಬಂತಿದ್ದಾಗ ಯಾವ ನಾಯಕ-ನಾಯಕಿಯ ನೆರವೂ ಇಲ್ಲದ ಆಲ್ಬಮ್ ಒಂದು ಗಡಿಯ ಎರಡೂ ಕಡೆ ಮಾರಾಟವಾಯಿತು. ಮುಂದೆ ‘ಸ್ಟಾರ್’ (1982) ಚಿತ್ರದ ಹಾಡುಗಳು, ‘ಯಂಗ್ ತರಂಗ್’ (1984), ‘ಹಾಟ್‌ಲೈನ್’ (1987) ಬಂದವು.

1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಹಾಡುಗಳ ವಿಡಿಯೊಗಳಿಗೆ ಜಾಗ ಕೊಟ್ಟವು. ಶ್ವೇತಾ ಶೆಟ್ಟಿ ಅವರ ‘ಜಾನಿ ಜೋಕರ್’ ನಂತರ 1995ರಲ್ಲಿ ಮ್ಯಾಗ್ನಾಸೌಂಡ್ ಹೊರತಂದ ‘ಮೇಡ್ ಇನ್ ಇಂಡಿಯಾ’ ಅಲಿಶಾ ಚಿನಾಯ್ ಅವರನ್ನು ಮನೆಮಾತಾಗಿಸಿತು. ಈ ಗೀತೆಯನ್ನು ಅಪ್ಪಯ್ಯ ಮೊದಲು ಯೋಚಿಸಿದ್ದು ನಾಜಿಯಾಗಾಗಿ. ಇಂಥ ಹಾಡು ತನ್ನ ದೇಶದವರಿಗೆ ನೋವು ತಂದೀತೆಂದು ಆಕೆ ಒಪ್ಪಲಿಲ್ಲ. ನಾಜಿಯಾ 2000ದಲ್ಲಿ, 35ನೇ ವಯಸ್ಸಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅಪ್ಪಯ್ಯ 2010ರಲ್ಲಿ ‘ಮೇಡ್ ಇನ್ ಇಂಡಿಯಾ’ ಎಂಬ ಹೆಸರಿನಲ್ಲೇ ಆತ್ಮಕಥೆ ಪ್ರಕಟಿಸಿದರು. ಎರಡು ವರ್ಷಗಳ ಬಳಿಕ ‘ಸ್ಟೂಡೆಂಟ್ ಆಫ್ ದಿ ಇಯರ್’ ಚಿತ್ರ ‘ಡಿಸ್ಕೊ ದೀವಾನೆ’ಯನ್ನು ಹೊಸ ಉಡುಗೆಯಲ್ಲಿ ಮತ್ತೆ ತೆರೆಗೆ ತಂದಿತು.