ಸುಣ್ಣಬಣ್ಣದ ಪದಕೋಶ: ಸಾರಣೆಯಿಂದ ಡಿಸ್ಟೆಂಪರಿನವರೆಗೆ

ಕನ್ನಡ ಜಾನಪದ ಅಧ್ಯಯನದಲ್ಲಿ ವೃತ್ತಿಪದಗಳ ಸಂಗ್ರಹಕ್ಕೆ ಗೌರವದ ಸ್ಥಾನವಿದೆ. ಕುಂಬಾರಿಕೆ, ನೇಯ್ಗೆ, ಬೇಸಾಯ, ಮೀನುಗಾರಿಕೆ, ಕಮ್ಮಾರಿಕೆಗಳ ಪದಗಳನ್ನು ವಿದ್ವಾಂಸರು ಶ್ರಮವಹಿಸಿ ಕಲೆಹಾಕಿದ್ದಾರೆ. ಆದರೆ ಈ ಸಂಗ್ರಹಗಳ ಹಿಂದೆ ಒಂದು ಗ್ರಹಿಕೆ ಕೆಲಸಮಾಡಿದೆ. ಕುಲದಿಂದ ಬಂದ ಕಸುಬು ಅಥವಾ ಕೂಲಿ ತರುವ ದುಡಿಮೆ ಮಾತ್ರ ವೃತ್ತಿಯೆನಿಸಿಕೊಂಡಿತು. ವರ್ಷಕ್ಕೊಮ್ಮೆ ಮನೆಯ ಗೋಡೆಯನ್ನು ಮೆತ್ತಿ, ಸಾರಿಸಿ, ಬಳಿದು, ಅಂಚು ಕಟ್ಟುವ ಕೆಲಸಕ್ಕೆ ಕುಲವೂ ಇರಲಿಲ್ಲ, ಕೂಲಿಯೂ ಇರಲಿಲ್ಲ. ಅದು ಮನೆಯ ಹೆಂಗಸರ ಕೆಲಸವಾಗಿತ್ತು. ಹೀಗಾಗಿ ಗಾರೆಯವನ ಪದಗಳು ಪದಕೋಶ ಸೇರಿದಷ್ಟು ಸುಲಭವಾಗಿ ಸಾರಣೆ ಮಾಡಿದವಳ ಪದಗಳು ಸೇರಲಿಲ್ಲ. ಗೋಡೆಯ ಮೇಲ್ಮೈಗೆ ಸಂಬಂಧಿಸಿದ ಕನ್ನಡ ಪದಗಳ ಚರಿತ್ರೆಯನ್ನು ನೋಡುವಾಗ ಈ ಅಸಮತೋಲವನ್ನು ಮರೆಯುವಂತಿಲ್ಲ.

ಮನೆಯನ್ನು ಹೊಸತುಗೊಳಿಸುವ ಇಡೀ ಕೆಲಸಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ ಹೆಸರು ‘ಸುಣ್ಣಬಣ್ಣ’. ಜೋಡುಪದದ ಎರಡು ಭಾಗಗಳೂ ತದ್ಭವಗಳು. ಸಂಸ್ಕೃತದ ಚೂರ್ಣ ಪ್ರಾಕೃತದ ಮೂಲಕ ಸುಣ್ಣವಾಯಿತು, ವರ್ಣ ಬಣ್ಣವಾಯಿತು. ಎರಡರಲ್ಲಿಯೂ ರೇಫಯುಕ್ತ ಣಕಾರವು ದ್ವಿತ್ವವಾಗಿರುವುದರಿಂದಲೇ ಅವು ಪ್ರಾಸಬದ್ಧವಾಗಿ ಒಟ್ಟಿಗೆ ನಿಂತಿವೆ. ಚೂರ್ಣವೆಂದರೆ ಯಾವುದೇ ಪುಡಿ. ಕನ್ನಡದಲ್ಲಿ ಅದು ಒಂದೇ ಪುಡಿಗೆ ಮೀಸಲಾಯಿತು. ತೆಲುಗಿನ ಸುನ್ನಮು, ತಮಿಳಿನ ಸುಣ್ಣಾಂಬು, ಹಿಂದಿಯ ಚೂನಾ ಎಲ್ಲವೂ ಇದೇ ಅರ್ಥಸಂಕೋಚವನ್ನು ತೋರುತ್ತವೆ. ವಸ್ತುವಿನ ಹೆಸರು ಹೊರಗಿನಿಂದ ಬಂದರೂ ಕ್ರಿಯೆಯ ಹೆಸರುಗಳು ದೇಶೀಯವಾಗಿಯೇ ಉಳಿದವು ಎಂಬುದು ಗಮನಾರ್ಹ. ಮೆತ್ತು, ಸಾರಿಸು, ಬಳಿ, ಹಚ್ಚು, ತೀಡು, ಬರೆ ಇವೆಲ್ಲ ಅಚ್ಚಗನ್ನಡದ ಧಾತುಗಳು. ಮಣ್ಣಿನ ಬಣ್ಣಗಳ ಹೆಸರುಗಳಲ್ಲಿಯೂ ಕೆಮ್ಮಣ್ಣು, ಕಾವಿಗಳಂಥ ದೇಶ್ಯಪದಗಳು ಉಳಿದುಕೊಂಡಿವೆ.

ಈ ಕ್ರಿಯಾಪದಗಳು ಪರ್ಯಾಯಪದಗಳಲ್ಲ. ಮೆತ್ತುವುದು ದಪ್ಪನೆಯ ಹಸಿಮಣ್ಣನ್ನು ಗೋಡೆಗೆ ಅಂಟಿಸುವುದು. ಸಾರಿಸುವುದು ಸಗಣಿ ಅಥವಾ ಮಣ್ಣಿನ ತೆಳುಗದಡನ್ನು ಅಂಗೈಯಿಂದಲೋ ಬಟ್ಟೆಯಿಂದಲೋ ಹರಡುವುದು. ಇದರ ನಾಮಪದವೇ ಸಾರಣೆ. ಬಳಿಯುವುದು ತೆಳುದ್ರವವನ್ನು ಇಡೀ ಮೇಲ್ಮೈಗೆ ಹೊದಿಸುವುದು. ಹಸೆಚಿತ್ತಾರವನ್ನಾದರೋ ಬಳಿಯುವುದಿಲ್ಲ, ಬರೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ‘ಹಚ್ಚು’ ಎಂಬ ಪದ ಬಳಿಯುವ ಅರ್ಥವನ್ನೂ ಹೊತ್ತಿದೆ. ಇತ್ತೀಚಿನ ದಶಕಗಳಲ್ಲಿ ಇವೆಲ್ಲವನ್ನೂ ಬದಿಗೊತ್ತಿ ‘ಹೊಡೆ’ ಎಂಬ ಒಂದೇ ಪದ ಮುಂದೆ ಬಂದಿದೆ: ಸುಣ್ಣ ಹೊಡೆ, ಪೇಂಟ್ ಹೊಡೆ. ಅಂಗೈ ಗೋಡೆಯ ಮೇಲೆ ಹರಿದಾಡುತ್ತಿದ್ದ ಕೆಲಸಕ್ಕೂ, ಏಣಿಯೇರಿ ಕುಂಚ ಬೀಸುವ ದಿನಗೂಲಿಯ ಕೆಲಸಕ್ಕೂ ಇರುವ ಅಂತರ ಈ ಒಂದು ಕ್ರಿಯಾಪದದಲ್ಲಿಯೇ ಅಡಗಿದೆ.

ಸಾರಣೆಯ ಜೊತೆಗಾರ್ತಿ ಕಾರಣೆ. ಗೋಡೆಯ ಬುಡಕ್ಕೆ, ಬಾಗಿಲ ಸುತ್ತ, ಜಗಲಿಯ ಅಂಚಿಗೆ ಎಳೆಯುವ ಬಣ್ಣದ ಪಟ್ಟೆಗೆ ಈ ಹೆಸರು. ‘ಸಾರಣೆ ಕಾರಣೆ’ ಎಂಬ ಜೋಡುನುಡಿ ಹಬ್ಬದ, ಮದುವೆಯ ಸಿದ್ಧತೆಯನ್ನು ಒಟ್ಟಾಗಿ ಸೂಚಿಸುತ್ತದೆ. ಗಾರೆಯವರ ಕೈಯಲ್ಲಿರುವ ಲೋಹದ ಉಪಕರಣ ‘ಕರಣೆ’ಗೂ ಇದಕ್ಕೂ ಒಂದು ದೀರ್ಘದಷ್ಟೇ ಅಂತರ. ಆದರೆ ಒಂದು ಗಂಡಸರ ಚೀಲದಲ್ಲಿದ್ದ ವಸ್ತು, ಇನ್ನೊಂದು ಹೆಂಗಸರ ಕೈಯಿಂದ ಮೂಡಿದ ಗೆರೆ. ಕರಣೆ ಇಂದಿಗೂ ನಿತ್ಯಬಳಕೆಯಲ್ಲಿದೆ. ಕಾರಣೆ ಎಂದರೆ ನಗರದ ಓದುಗರಲ್ಲಿ ಹಲವರಿಗೆ ಅರ್ಥ ಹೇಳಬೇಕಾಗುತ್ತದೆ. ಕಾರಣೆಗೆ ಶೋಭೆಯಾಚೆಗೆ ಪ್ರಯೋಜನವೂ ಇತ್ತು. ಮಳೆಯ ಹನಿ ನೆಲಕ್ಕೆ ಬಿದ್ದು ಸಿಡಿಯುವ ಕೆಸರು ಬಿಳಿಯ ಗೋಡೆಯ ಬುಡದಲ್ಲಿ ಎದ್ದು ಕಾಣುತ್ತದೆ. ಕೆಮ್ಮಣ್ಣಿನ ಪಟ್ಟೆಯಲ್ಲಿ ಕಾಣುವುದಿಲ್ಲ.

ಕೆಂಪು ಬಣ್ಣಕ್ಕೆ ಕನ್ನಡದ ಗೋಡೆಯ ಮೇಲಿರುವಷ್ಟು ಹೆಸರುಗಳು ಬೇರಾವ ಬಣ್ಣಕ್ಕೂ ಇಲ್ಲ. ಕೆಮ್ಮಣ್ಣು, ಜಾಜು, ಕಾವಿ, ಹುರಮಂಜಿ ಈ ನಾಲ್ಕೂ ಮೂಲತಃ ಕಬ್ಬಿಣದ ಆಕ್ಸೈಡು ಬೆರೆತ ಮಣ್ಣುಗಳೇ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಪ್ರಾಚೀನ ಶಿಲಾಚಿತ್ರಗಳ ಕೆಂಪಿಗೂ ಇಂಥದೇ ಖನಿಜ ಆಧಾರ. ಈ ನಾಲ್ಕರಲ್ಲಿ ಹುರಮಂಜಿಯ ಕಥೆ ದೂರದ್ದು. ಪರ್ಶಿಯದ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್ ದ್ವೀಪದ ಕೆಂಪುಮಣ್ಣು ಪ್ರಸಿದ್ಧವಾದುದು. ಅರಬ್ಬೀ ಸಮುದ್ರದ ವ್ಯಾಪಾರದಲ್ಲಿ ಕುದುರೆ, ಮುತ್ತುಗಳ ಜೊತೆಗೆ ಆ ಊರಿನ ಹೆಸರೂ ಪಶ್ಚಿಮ ಕರಾವಳಿಗೆ ಬಂತು. ಮರಾಠಿಯಲ್ಲಿಯೂ ಕೊಂಕಣಿಯಲ್ಲಿಯೂ ಕನ್ನಡದಲ್ಲಿಯೂ ಅದು ಸ್ವಲ್ಪ ಸ್ವಲ್ಪ ಬೇರೆ ಉಚ್ಚಾರಗಳಲ್ಲಿ ಕೆಂಪುಮಣ್ಣಿನ ಹೆಸರಾಗಿ ನಿಂತಿತು. ವಿಜಯನಗರಕ್ಕೆ ಕುದುರೆ ಕಳುಹಿಸಿದ ಬಂದರೆಂದು ಚರಿತ್ರೆಯ ಪುಸ್ತಕಗಳಲ್ಲಿ ಕಾಣಸಿಗುವ ಹೋರ್ಮುಜ್, ಹಳ್ಳಿಯ ಮನೆಯ ಗೋಡೆಯ ಬುಡದಲ್ಲಿಯೂ ಇತ್ತೆಂಬುದನ್ನು ಪದವೊಂದೇ ನೆನಪಿಟ್ಟುಕೊಂಡಿದೆ.

ಹುರಮಂಜಿಯನ್ನು ಅತ್ಯಂತ ಸೂಕ್ಷ್ಮವಾಗಿ ಬಳಸಿದ ಪರಂಪರೆ ಕೊಂಕಣ ಕರಾವಳಿಯ ಕಾವಿಕಲೆ. ಗೋವೆಯಿಂದ ಉತ್ತರ ಕನ್ನಡದ ಅಂಕೋಲಾ, ಗೋಕರ್ಣ, ಕುಮಟಾ ಪ್ರದೇಶಗಳವರೆಗೆ ದೇವಾಲಯಗಳ ಮತ್ತು ಮನೆಗಳ ಗೋಡೆಗಳಲ್ಲಿ ಇದು ಕಾಣಬರುತ್ತಿತ್ತು. ಚಿಪ್ಪು ಸುಟ್ಟು ಪಡೆದ ಸುಣ್ಣಕ್ಕೆ ಮರಳು ಮತ್ತು ಬೆಲ್ಲದ ನೀರು ಬೆರೆಸಿ, ಹಲವು ದಿನ ಕೊಳೆಯಿಸಿ, ಕುಟ್ಟಿ ಹದಗೊಳಿಸಿದ ಗಾರೆಯನ್ನು ಮೊದಲು ಗೋಡೆಗೆ ಹಾಕುತ್ತಿದ್ದರು. ಅದರ ಮೇಲೆ ಕೆಂಪುಮಣ್ಣಿನ ತೆಳುಪದರ. ಪದರ ಇನ್ನೂ ಹಸಿಯಾಗಿರುವಾಗಲೇ ಉಕ್ಕಿನ ಮೊನೆಯಿಂದ ಕೆಂಪನ್ನು ಕೆರೆದು ತೆಗೆದರೆ ಅಡಿಯ ಬಿಳುಪು ಚಿತ್ರವಾಗಿ ಮೂಡುತ್ತಿತ್ತು. ಇಲ್ಲಿ ಬಳಿಯುವುದೂ ಅಲ್ಲ, ಬರೆಯುವುದೂ ಅಲ್ಲ, ಕೆರೆಯುವುದೇ ಚಿತ್ರಕ್ರಿಯೆ. ಕೃಷ್ಣಾನಂದ ಕಾಮತರು ಈ ಕಲೆಯ ಉದಾಹರಣೆಗಳನ್ನು ಛಾಯಾಚಿತ್ರಗಳ ಮೂಲಕ ದಾಖಲಿಸಿ ವಿದ್ವಾಂಸರ ಗಮನಕ್ಕೆ ತಂದರು. ಜೀರ್ಣೋದ್ಧಾರದ ಹೆಸರಿನಲ್ಲಿ ಅನೇಕ ಕಾವಿಗೋಡೆಗಳು ಎಣ್ಣೆಬಣ್ಣದಡಿಯಲ್ಲಿಯೋ ಮೆರುಗುಹಂಚಿನಡಿಯಲ್ಲಿಯೋ ಮರೆಯಾಗಿವೆ.

ಮಲೆನಾಡಿನ ದೀವರ ಹೆಣ್ಣುಮಕ್ಕಳ ಹಸೆಚಿತ್ತಾರದಲ್ಲಿಯೂ ಕೆಮ್ಮಣ್ಣೇ ನೆಲೆ. ಅಕ್ಕಿಯ ಹಿಟ್ಟಿನಿಂದ ಬಿಳಿ, ಹುರಿದು ಕರಿದಾಗಿಸಿದ ಅಕ್ಕಿಯಿಂದ ಕಪ್ಪು, ಗುರಿಗೆಯ ಬೀಜದಿಂದ ಹಳದಿ, ಪುಂಡಿಯ ನಾರಿನಿಂದ ಕುಂಚ. ಈ ಪಟ್ಟಿಯಲ್ಲಿ ಅಂಗಡಿಯಿಂದ ತರಬೇಕಾದದ್ದು ಒಂದೂ ಇಲ್ಲ. ಭೂಮಿಹುಣ್ಣಿಮೆಯ ಬುಟ್ಟಿಗೂ ಇದೇ ಕೆಮ್ಮಣ್ಣು, ಇದೇ ಗೆರೆ. ಚಿತ್ತಾರವು ಈಗ ಕಾಗದಕ್ಕೂ ಬಟ್ಟೆಗೂ ವರ್ಗವಾಗಿ ಮಾರುಕಟ್ಟೆ ಪಡೆದಿರುವುದು ಸಂತೋಷದ ವಿಷಯವೇ. ಆದರೆ ಗೋಡೆಯಿಂದ ಕಳಚಿಕೊಂಡ ಚಿತ್ತಾರಕ್ಕೆ ಸಾರಣೆ ಬೇಕಿಲ್ಲ. ಸಾರಣೆಯ ಪದಗಳೂ ಬೇಕಿಲ್ಲ.

ಶಾಸ್ತ್ರಗ್ರಂಥಗಳ ಗೋಡೆ ಬೇರೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದ ಕೃತಿ. ಚಿತ್ರ ಬರೆಯುವ ಭಿತ್ತಿಯನ್ನು ಸಿದ್ಧಗೊಳಿಸುವ ಕ್ರಮವನ್ನು ಅದು ವಿವರಿಸುತ್ತದೆ. ಎಮ್ಮೆಯ ಚರ್ಮವನ್ನು ಕುದಿಸಿ ಪಡೆದ ಅಂಟಿಗೆ ಅಲ್ಲಿ ವಜ್ರಲೇಪವೆಂದು ಹೆಸರು. ಅದನ್ನು ಬಿಳಿಮಣ್ಣಿನೊಡನೆ ಬೆರೆಸಿ ಗೋಡೆಗೆ ಲೇಪಿಸಬೇಕು. ಇಂದಿನ ಪೇಂಟರು ಪ್ರೈಮರ್ ಎನ್ನುವುದರ ಕೆಲಸವನ್ನೇ ಈ ಲೇಪ ಮಾಡುತ್ತಿತ್ತು. ಪದವು ಗೋಡೆಯಿಂದ ಇಳಿದು, ಅಳಿಸಲಾಗದ್ದು ಎಂಬ ಅರ್ಥದಲ್ಲಿ ಸಾಹಿತ್ಯದ ಅಲಂಕಾರವಾಗಿ ಮಾತ್ರ ಉಳಿಯಿತು.

ಗಟ್ಟಿಲೇಪದ ಪದಗಳಲ್ಲಿ ರಾಜಕೀಯ ಚರಿತ್ರೆಯೇ ಹುದುಗಿದೆ. ಗಾರೆ ದ್ರಾವಿಡ ಮೂಲದ್ದು. ತಮಿಳಿನ ಕಾರೈ, ತೆಲುಗಿನ ಗಾರ ಅದರ ದಾಯಾದಿಗಳು. ಗಚ್ಚು ಪಾರಸಿಯ ‘ಗಚ್’ನಿಂದ ಬಂದದ್ದು. ಬಹಮನಿ ಮತ್ತು ಆದಿಲಶಾಹಿಗಳ ಕಾಲದಲ್ಲಿ ಕಲಬುರ್ಗಿ, ಬೀದರ, ವಿಜಾಪುರಗಳ ಕಟ್ಟಡಗಳ ಸುಣ್ಣದ ಕೆಲಸ ಉನ್ನತಿಗೇರಿದುದನ್ನು ನೆನೆದರೆ ಪಾರಸಿಯ ಪದ ಇಲ್ಲಿ ನೆಲೆನಿಂತುದು ಸಹಜವಾಗಿ ತೋರುತ್ತದೆ. ಕನ್ನಡವು ಎರಡನ್ನೂ ಬಿಡದೆ ‘ಗಚ್ಚುಗಾರೆ’ ಎಂದು ಕೂಡಿಸಿಕೊಂಡಿತು. ಮುಂಬಯಿ ಕರ್ನಾಟಕದಲ್ಲಿ ಗೋಡೆಯ ಲೇಪಕ್ಕೆ ಗಿಲಾವು ಎನ್ನುತ್ತಾರೆ. ಪಾರಸಿಯಲ್ಲಿ ಗಿಲ್ ಎಂದರೆ ಮಣ್ಣು, ಆಬ್ ಎಂದರೆ ನೀರು. ಮರಾಠಿಯ ಗಿಲಾವಾ ಮೂಲಕ ಪದ ಕನ್ನಡಕ್ಕಿಳಿಯಿತು. ಅಲ್ಲಿ ಕಟ್ಟುವವನು ಗೌಂಡಿ, ಅವನ ಉಪಕರಣ ಥಾಪಿ. ಹಳೆಯ ಮೈಸೂರಿನಲ್ಲಿ ಅವನು ಗಾರೆಯವನು, ಉಪಕರಣ ಕರಣೆ. ಇಬ್ಬರ ಮೇಲಿರುವ ಮೇಸ್ತ್ರಿ ಮಾತ್ರ ಪೋರ್ತುಗೀಸಿನವನು. 1956ರ ಏಕೀಕರಣವು ಆಡಳಿತದ ಗಡಿಗಳನ್ನು ಅಳಿಸಿತು. ಥಾಪಿ ಮತ್ತು ಕರಣೆಗಳ ನಡುವಿನ ಗಡಿ ಇಂದಿಗೂ ಅಳಿದಿಲ್ಲ.

ಸುಣ್ಣದ ಸಿದ್ಧತೆಗೆ ಸಂಬಂಧಿಸಿದ ಪದಗಳು ಖಚಿತತೆಯಲ್ಲಿ ಯಾವ ಪಾರಿಭಾಷಿಕ ಶಬ್ದಕ್ಕೂ ಕಡಿಮೆಯಿಲ್ಲ. ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಗೂಡಿನಲ್ಲಿ ಸುಟ್ಟರೆ ಸುಟ್ಟಸುಣ್ಣ. ಅದಕ್ಕೆ ನೀರು ಹಾಕಿದಾಗ ಕುದಿದು, ಉಬ್ಬಿ, ಹಿಟ್ಟಾಗುತ್ತದೆ. ಅದೇ ಅರಳಿದ ಸುಣ್ಣ. ಕಾವಿನಿಂದ ಒಡೆಯುವ ಕಲ್ಲನ್ನು ಹೂವಿನಂತೆ ಕಂಡ ಈ ಪದವನ್ನು ಕನ್ನಡ ಶಾಲೆಗಳ ವಿಜ್ಞಾನ ಪಠ್ಯಗಳು ಹಾಗೆಯೇ ಸ್ವೀಕರಿಸಿದವು. ಮೇಲೆ ನಿಂತ ನೀರು ಸುಣ್ಣದ ತಿಳಿ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಿನ ಗುಣಕ್ಕೆ ತಿರುಗುತ್ತದೆ. ಬಿಳುಪು ಹೊಳೆಯಲೆಂದು ಚಿಟಿಕೆ ನೀಲಿ, ಬೆನ್ನಿಗೆ ಅಂಟದಿರಲೆಂದು ಗೋಂದು. ಕತ್ತಾಳೆಯ ನಾರನ್ನು ಜಜ್ಜಿ ಕಟ್ಟಿದರೆ ಕುಂಚ. ಸುಣಗಾರ ಎಂಬ ಮನೆತನದ ಹೆಸರು, ಬೆಂಗಳೂರಿನ ಹಳೆಯ ಪೇಟೆಯೊಳಗಣ ಸುಣ್ಣಕಲ್‌ಪೇಟೆ ಈ ಕಸುಬಿನ ಕುರುಹುಗಳು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯ ತೀಕ್ಷ್ಣತೆ ತಿಳಿಯಬೇಕಾದರೆ ಎರಡೂ ನೋಟಕ್ಕೆ ಬೆಳ್ಳಗೇ ಇರುತ್ತವೆಂಬುದನ್ನೂ, ಸುಣ್ಣ ಕಣ್ಣನ್ನು ಸುಡುತ್ತದೆಂಬುದನ್ನೂ ಬಲ್ಲವರಾಗಿರಬೇಕು.

ವಸಾಹತುಕಾಲದಲ್ಲಿ ಸುಣ್ಣಕ್ಕೆ ಆರೋಗ್ಯದ ಅರ್ಥವೊಂದು ಸೇರಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಆ ಕಾಲದ ಪ್ಲೇಗು ನಿಯಂತ್ರಣದಲ್ಲಿ ಮನೆಗಳಿಗೆ ಸುಣ್ಣ ಬಳಿಸುವುದು ಒಂದು ಕ್ರಮವಾಗಿತ್ತು. ಹಬ್ಬದ ಕೆಲಸ ಸರ್ಕಾರದ ಆಜ್ಞೆಯೂ ಆದದ್ದು ಹೀಗೆ. ಶಾಲೆಗಳಲ್ಲಿ ಸೀಮೆಸುಣ್ಣ ಕಾಣಿಸಿಕೊಂಡಿತು. ಸೀಮೆಎಣ್ಣೆಯಂತೆ ಇದೂ ಕಡಲಾಚೆಯಿಂದ ಬಂದುದರ ಮುದ್ರೆ ಹೊತ್ತ ಪದ.

ಕಾರ್ಖಾನೆಯ ಬಣ್ಣದ ಯುಗ ಭಾರತದಲ್ಲಿ 1902ರಲ್ಲಿ ಹೌರಾದಲ್ಲಿ ಆರಂಭವಾದ ಶಾಲಿಮಾರ್ ಸಂಸ್ಥೆಯೊಂದಿಗೆ ತೊಡಗಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪಿತವಾಯಿತು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿಯಿಂದಾಗಿ ದೇಶ ಅದನ್ನು ಬಲ್ಲದಾದರೂ ಅದರ ಮೂಲವ್ಯವಹಾರ ಅರಗು, ಬಣ್ಣ, ವಾರ್ನಿಶುಗಳದೇ. ಮುಂಬಯಿಯಲ್ಲಿ 1942ರಲ್ಲಿ ಹುಟ್ಟಿದ ಏಷ್ಯನ್ ಪೇಂಟ್ಸ್ ಸಂಸ್ಥೆಗೆ ಕುಂಚ ಮತ್ತು ಬಣ್ಣದ ಡಬ್ಬಿ ಹಿಡಿದ ತುಂಟ ಹುಡುಗ ಗಟ್ಟುವನ್ನು 1954ರಲ್ಲಿ ಬರೆದುಕೊಟ್ಟವರು ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್. ಆ ಜಾಹೀರಾತಿನಲ್ಲಿ ಗೋಡೆಯ ಕೆಲಸಗಾರ ಗಂಡುಹುಡುಗನಾಗಿದ್ದುದು ಆಕಸ್ಮಿಕವಿರಬಹುದು. ಬದಲಾವಣೆಯ ದಿಕ್ಕನ್ನಂತೂ ಅದು ತೋರಿತು.

ಈ ಹಂತದಲ್ಲಿ ಬಂದ ಪದಗಳು ಭಾಷಾಂತರಗೊಳ್ಳದೆ ಉಳಿದವು. ಅಂಟು ಬೆರೆತ ಬಣ್ಣದ ಪುಡಿಯನ್ನು ನೀರಿನಲ್ಲಿ ಕದಡುವ ಡಿಸ್ಟೆಂಪರು, ಗೋಂದು ಹಾಕಿದ ಬಣ್ಣದ ಸುಣ್ಣದಿಂದ ತತ್ತ್ವದಲ್ಲಿ ಬಹಳ ದೂರವಿಲ್ಲ. ಹೆಸರು ಮಾತ್ರ ದೂರದ್ದು. ಸಿಮೆಂಟು ಬಣ್ಣದ ಒಂದು ವ್ಯಾಪಾರನಾಮವಾದ ಸ್ನೋಸೆಮ್ ಹೊರಗೋಡೆಯ ಆ ಬಗೆಯ ಬಣ್ಣಕ್ಕೆಲ್ಲ ಸಾಮಾನ್ಯನಾಮವಾಯಿತು. ಕೆಲವು ಪದಗಳಿಗೆ ಕನ್ನಡದ ಕಿವಿ ತಾನೇ ಜಾಗ ಮಾಡಿಕೊಟ್ಟಿದೆ. ಸಂದು ತುಂಬುವ ಪುಟ್ಟಿ ಎಳೆಯ ಹುಡುಗಿಯ ಮುದ್ದುಹೆಸರೂ ಹೌದು, ಉತ್ತರದ ಕೆಲವೆಡೆ ಬುಟ್ಟಿಯೂ ಹೌದು. ಕೋಟು ತೊಡುವ ಅಂಗಿಯಾಗಿಯೂ ಗೋಡೆಯ ಪದರವಾಗಿಯೂ ನಡೆಯುತ್ತದೆ. ಎಣ್ಣೆಬಣ್ಣಗಳಲ್ಲಿದ್ದ ಸೀಸದ ಅಪಾಯ ಅರಿವಿಗೆ ಬಂದು, ಪ್ರಮಾಣವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸುವ ನಿಯಮ 2016ರಲ್ಲಿ ರೂಪುಗೊಂಡು 2017ರ ನವೆಂಬರಿನಿಂದ ಜಾರಿಗೆ ಬಂತು. ಕೆಮ್ಮಣ್ಣಿಗೆ ಅಂಥ ನಿಯಮದ ಅಗತ್ಯ ಬಿದ್ದಿರಲಿಲ್ಲ.

ಹಳೆಯ ಮನೆಗಳ ದುರಸ್ತಿಯಲ್ಲಿ ಈ ಪದಗಳ ನಷ್ಟ ಕೇವಲ ನಿಘಂಟಿನ ಸಮಸ್ಯೆಯಾಗಿ ಉಳಿಯುವುದಿಲ್ಲ. ಮಣ್ಣಿನ ಗೋಡೆ ನೆಲದಿಂದ ತೇವವನ್ನೆಳೆದು ಮೇಲ್ಮೈಯ ಮೂಲಕ ಬಿಡುತ್ತದೆ; ಸಾರಣೆ, ಸುಣ್ಣಗಳು ಅದನ್ನು ತಡೆಯುವುದಿಲ್ಲ. ಅದರ ಮೇಲೆ ಸಿಮೆಂಟಿನ ಗಿಲಾವು, ಪುಟ್ಟಿ, ಪ್ಲಾಸ್ಟಿಕ್ ಇಮಲ್ಷನ್ನುಗಳನ್ನು ಹೊದಿಸಿದಾಗ ತೇವ ಒಳಗೇ ನಿಂತು, ಉಪ್ಪು ಹೊರಬಂದು, ಬಣ್ಣ ಹಕ್ಕಳೆಯೇಳುತ್ತದೆ. ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯಲ್ಲಿ ತೊಡಗಿದವರು ಸುಣ್ಣ ಅರಳಿಸುವವರನ್ನೂ ಬೆಲ್ಲದ ನೀರಿನಲ್ಲಿ ಗಾರೆ ಕೊಳೆಯಿಸಬಲ್ಲವರನ್ನೂ ಹುಡುಕುತ್ತಿರುವುದು ಈ ಕಾರಣಕ್ಕೆ. ಗಾರೆಯ ಹದ ಬಲ್ಲ ಮುದುಕ ಮೇಸ್ತ್ರಿಗಳಾದರೂ ಅಲ್ಲಲ್ಲಿ ದೊರೆಯುತ್ತಾರೆ, ಅವರ ಪದಗಳೂ ದಾಖಲಾಗುತ್ತಿವೆ. ಸಾರಣೆಯ ಕದಡಿಗೆ ಸಗಣಿಯೆಷ್ಟು, ಜೇಡಿಯೆಷ್ಟು, ಯಾವ ಕೆರೆಯ ಮಣ್ಣು ಬಿರುಕು ಬಿಡುತ್ತದೆ, ಯಾವುದು ಬಿಡುವುದಿಲ್ಲ ಎಂಬುದನ್ನು ಬಲ್ಲ ಅಜ್ಜಿಯರ ಬಳಿಗೆ ಧ್ವನಿಮುದ್ರಣ ಯಂತ್ರ ಹೋದಾಗಲೆಲ್ಲ ಅವರಿಂದ ಕೇಳಿಸಿಕೊಂಡದ್ದು ಬಹುತೇಕ ಹಾಡುಗಳನ್ನೇ.