ಶಾನುಭೋಗರ ಕಡತ

ನಮ್ಮ ನಾಡಿನಲ್ಲಿ ಸರ್ಕಾರದ ಲೆಕ್ಕವೆಂಬುದು ರಾಜಧಾನಿಯ ಹುಜೂರು ಕಚೇರಿಯಲ್ಲಿ ಹುಟ್ಟುತ್ತಿದ್ದುದಲ್ಲ. ಗ್ರಾಮದ ಲೆಕ್ಕ ಬರೆಯುವ ಶಾನುಭೋಗನ ಜಗುಲಿಯ ಮೇಲೆ, ಅವನು ಬಿಚ್ಚಿ ಹರಡಿಕೊಂಡ ಕಡತದಲ್ಲಿ ಹುಟ್ಟಿ, ತಾಲ್ಲೂಕನ್ನು ಹಾದು ಹುಜೂರನ್ನು ಸೇರುತ್ತಿದ್ದಿತು. ಹೊಯ್ಸಳರ ಕಾಲದ ಶಾಸನಗಳಲ್ಲಿ ಲಿಪಿಕಾರನಾಗಿ ಕಾಣಿಸಿಕೊಳ್ಳುವ ಸೇನಬೋವನೇ ಈ ವೃತ್ತಿಯ ಪೂರ್ವಿಕನು.

ಕಡತವು ಕಾಗದವೂ ಅಲ್ಲ, ಓಲೆಯೂ ಅಲ್ಲ. ಸುಮಾರು ಒಂದಡಿ ಅಗಲದ ನೀಳವಾದ ಹತ್ತಿಬಟ್ಟೆಯ ಎರಡು ಮಗ್ಗುಲಿಗೂ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಮೇಲೆ ಕೆಳಗೆ ತೆಳುಹಲಗೆಯನ್ನು ಕೂಡಿಸಿದರೆ ಅದು ಸಿದ್ಧವಾಗುತ್ತಿದ್ದಿತು; ಬರೆಯುತ್ತಿದ್ದುದು ಬಳಪದಿಂದ. ತಪ್ಪಿದ ಅಂಕೆಯನ್ನು ಒರಸಿ ತಿದ್ದಬಹುದಾಗಿದ್ದ ಈ ಸೌಕರ್ಯವು ಪ್ರಾಮಾಣಿಕನಿಗೆ ಎಷ್ಟು ಉಪಕಾರಿಯೋ ಕಪಟಿಗೂ ಅಷ್ಟೇ ಉಪಕಾರಿಯಾಗಿದ್ದಿತೆಂಬುದನ್ನು ಮರೆಮಾಚಬೇಕಾದುದಿಲ್ಲ. ಮೈಸೂರಿನ ಚರಿತ್ರೆಯ ಮೊದಲ ಸಂಪುಟವನ್ನು 1810ರಲ್ಲಿ ಪ್ರಕಟಿಸಿದ ಮಾರ್ಕ್ ವಿಲ್ಕ್ಸನು ಕಡತವನ್ನು ಸವಿಸ್ತಾರವಾಗಿ ವರ್ಣಿಸಿದ್ದಾನೆ.

ಲೆಕ್ಕ ಬಲ್ಲವನಿಗೆ ಉನ್ನತ ಪದವಿಯೂ ದೂರವಿರಲಿಲ್ಲ: ವರ್ತಕರಲ್ಲಿ ಲೆಕ್ಕ ಬರೆಯುತ್ತಿದ್ದ ಪೂರ್ಣಯ್ಯನು ಹೈದರನ ಕಣ್ಣಿಗೆ ಬಿದ್ದು, ಟಿಪ್ಪುವಿನ ಆಳ್ವಿಕೆಯಲ್ಲಿ ಹಣಕಾಸಿನ ಹೊಣೆಯನ್ನು ಹೊತ್ತು, 1799ರಲ್ಲಿ ಮೈಸೂರಿನ ದಿವಾನನೇ ಆದನು. ಗ್ರಾಮದಲ್ಲಾದರೋ ಈ ಕೆಲಸವು ತಂದೆಯಿಂದ ಮಗನಿಗೆ ಬರುವ ವಂಶಪಾರಂಪರ್ಯದ ಸ್ವತ್ತಾಗಿದ್ದಿತು. ಊರಿನ ಪ್ರತಿಯೊಂದು ಹೊಲದ ಒಡೆತನ, ಕಂದಾಯ, ಬಾಕಿಗಳು ಒಂದೇ ಮನೆತನದ ಸ್ಮೃತಿಯಲ್ಲಿಯೂ ಕಡತದಲ್ಲಿಯೂ ಅಡಗಿದ್ದುದರಿಂದ, ಓದುಬರಹವರಿಯದ ರೈತನು ಆ ಮನೆಯ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತಿದ್ದಿತು. ದಕ್ಷತೆಯಿದ್ದರೂ ಇದು ನ್ಯಾಯವಾದ ವ್ಯವಸ್ಥೆಯಾಗಿರಲಿಲ್ಲ.

1961ರ ಕಾಯಿದೆಯೊಂದು ಈ ಆನುವಂಶಿಕ ಹುದ್ದೆಗಳನ್ನು ರದ್ದುಗೊಳಿಸಿತು. ಅದು 1963ರ ಫೆಬ್ರವರಿಯಿಂದ ಜಾರಿಗೆ ಬಂದ ಮೇಲೆ, ಶಾನುಭೋಗನ ಸ್ಥಾನದಲ್ಲಿ ಸಂಬಳ ಪಡೆಯುವ ಗ್ರಾಮಲೆಕ್ಕಿಗನು ನೇಮಕಗೊಂಡನು.